ಮೆಲನೋಮ: ವಂಶವಾಹಿಯ ಉತ್ಪರಿವರ್ತನೆ, ಚಿಕಿತ್ಸೆ ಮತ್ತು ಲೋಕಗ್ರಹಿಕೆ

ರೋಗವೊಂದನ್ನು ಸಮುದಾಯ ಹೇಗೆ ಗ್ರಹಿಸುತ್ತದೆ ಎಂಬುದನ್ನು ಅದು ಬಳಸುವ ಪದಗಳೇ ಬಹುಮಟ್ಟಿಗೆ ನಿರ್ಧರಿಸುತ್ತವೆ. ಕನ್ನಡದಲ್ಲಿ 'ಜೀನ್' ಎಂಬುದಕ್ಕೆ 'ವಂಶವಾಹಿ' ಎಂಬ ಪದ ಪಠ್ಯಪುಸ್ತಕಗಳ ಮೂಲಕ ನೆಲೆಗೊಂಡಿದೆ. ತಂದೆತಾಯಿಗಳಿಂದ ಮಕ್ಕಳಿಗೆ ಬರುವ ಗುಣಗಳನ್ನು ವಿವರಿಸಲು ಈ ಪದ ಸಮರ್ಪಕವಾದುದೇ. ಆದರೆ ಕ್ಯಾನ್ಸರ್ ಚಿಕಿತ್ಸೆಯ ಸಂದರ್ಭದಲ್ಲಿ 'ವಂಶವಾಹಿಯಲ್ಲಿ ದೋಷವಿದೆ' ಎಂಬ ಮಾತು ಕೇಳುವವರ ಮನಸ್ಸಿನಲ್ಲಿ 'ವಂಶದ ದೋಷ'ವಾಗಿ ಮಾರ್ಪಡುವ ಸಾಧ್ಯತೆ ಹೆಚ್ಚು. ಮನೆತನದ ಮೇಲೆ ಬಿದ್ದ ಶಾಪ, ಮಕ್ಕಳ ಮದುವೆಗೆ ಒದಗಬಹುದಾದ ಅಡ್ಡಿ, ಹಣೆಬರಹದ ಮುಂದಿನ ನಿಸ್ಸಹಾಯಕತೆ ಇವೆಲ್ಲ ಆ ಒಂದು ಪದದ ಬೆನ್ನಿಗೆ ಬರುತ್ತವೆ. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಿ ವಂಶವಾಹಿಯ ಉತ್ಪರಿವರ್ತನೆಗಳು ಯಾವುವು, ಅವು ಚಿಕಿತ್ಸೆಯನ್ನು ಹೇಗೆ ನಿರ್ದೇಶಿಸುತ್ತವೆ ಎಂಬುದನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರೋಗದ ಸ್ವರೂಪ

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುವ ಜೀವಕೋಶಗಳು ಹತೋಟಿ ಮೀರಿ ಬೆಳೆದಾಗ ಮೆಲನೋಮ ಉಂಟಾಗುತ್ತದೆ. ಇದರ ದಾಖಲೆ ಹಳೆಯದು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 1787ರಲ್ಲಿ ತೆಗೆದ ಗಡ್ಡೆಯೊಂದು ಅಲ್ಲಿನ ಸಂಗ್ರಹಾಲಯದಲ್ಲಿ ಉಳಿದು ಬಂದು, 1968ರಲ್ಲಿ ಸೂಕ್ಷ್ಮದರ್ಶಕದ ಪರೀಕ್ಷೆಯಿಂದ ಮೆಲನೋಮವೆಂದು ಖಚಿತವಾಯಿತು. ಫ್ರಾನ್ಸಿನ ರೆನೆ ಲೆನೆಕ್ 1804ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ಗುರುತಿಸಿದನು.

ಗಡ್ಡೆ ಚರ್ಮದ ಮೇಲ್ಪದರದಲ್ಲಿಯೇ ಇರುವಾಗ ಸಣ್ಣ ಶಸ್ತ್ರಚಿಕಿತ್ಸೆಯಿಂದ ಬಹುತೇಕ ಗುಣಪಡಿಸಬಹುದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗಿಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಶ್ವಾಸಕೋಶ, ಯಕೃತ್ತು, ಮೆದುಳುಗಳಿಗೆ ಹರಡಿದ ಮೇಲೆ ಮಾತ್ರ ಇದು ಅತ್ಯಂತ ಕಠಿಣವಾದ ಕ್ಯಾನ್ಸರುಗಳಲ್ಲೊಂದು. ಅಮೆರಿಕದಲ್ಲಿ 1975ರಲ್ಲಿ ಮಾನ್ಯತೆ ಪಡೆದ ಡಕಾರ್ಬಜಿನ್ ಎಂಬ ಔಷಧವೇ ಮೂರು ದಶಕಗಳಿಗೂ ಹೆಚ್ಚು ಕಾಲ ಮುಖ್ಯ ಆಸರೆಯಾಗಿತ್ತು. ಅದರಿಂದ ಆಯುಸ್ಸು ಹೆಚ್ಚುತ್ತದೆಂಬುದು ಎಂದೂ ಸಿದ್ಧವಾಗಲಿಲ್ಲ.

ಉತ್ಪರಿವರ್ತನೆಯ ಬಗೆಗಳು

ಜೀವಕೋಶ ಯಾವಾಗ ವಿಭಜನೆಯಾಗಬೇಕೆಂಬ ಸೂಚನೆ ಕೋಶದ ಹೊರಮೈಯಿಂದ ಒಳಕೇಂದ್ರಕ್ಕೆ ಹಲವು ಪ್ರೋಟೀನುಗಳ ಮೂಲಕ ಸಾಗುತ್ತದೆ. ಇದನ್ನು ಕೆರೆಯ ತೂಬಿಗೆ ಹೋಲಿಸಬಹುದು. ಗದ್ದೆಗೆ ನೀರು ಬೇಕಾದಾಗ ನೀರುಗಂಟಿ ತೂಬನ್ನು ಎತ್ತುತ್ತಾನೆ, ಸಾಕಾದಾಗ ಇಳಿಸುತ್ತಾನೆ. ಬಿರಾಫ್ ಎಂಬ ವಂಶವಾಹಿ ರೂಪಿಸುವ ಪ್ರೋಟೀನು ಇಂತಹ ಒಂದು ತೂಬು. 2002ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ವಿಜ್ಞಾನಿಗಳ ನೇತೃತ್ವದ ತಂಡವು ಮೆಲನೋಮದ ಹೆಚ್ಚಿನ ಗಡ್ಡೆಗಳಲ್ಲಿ ಈ ವಂಶವಾಹಿ ಬದಲಾಗಿರುವುದನ್ನು ಪ್ರಕಟಿಸಿತು. ಡಿಎನ್‌ಎಯ ಒಂದೇ ಅಕ್ಷರ ಪಲ್ಲಟಗೊಂಡು, ಪ್ರೋಟೀನಿನ 600ನೆಯ ಸ್ಥಾನದಲ್ಲಿ ವ್ಯಾಲಿನ್ ಬದಲಿಗೆ ಗ್ಲುಟಾಮಿಕ್ ಆಮ್ಲ ಬಂದು ಕೂರುವುದೇ ಇದರಲ್ಲಿ ಅತಿ ಸಾಮಾನ್ಯವಾದ ಬದಲಾವಣೆ. ಇದರಿಂದ ತೂಬು ಎತ್ತಿದಂತೆಯೇ ಉಳಿದು, ವಿಭಜನೆಯ ಸೂಚನೆ ಎಡೆಬಿಡದೆ ಹರಿಯುತ್ತದೆ.

ಚರ್ಮದ ಮೆಲನೋಮಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಬಿರಾಫ್ ಬದಲಾಗಿರುತ್ತದೆ. ಐದನೆಯ ಒಂದು ಭಾಗದ ಆಸುಪಾಸಿನಲ್ಲಿ ಎನ್‌ರಾಸ್ ಬದಲಾಗಿರುತ್ತದೆ. ಉಳಿದವುಗಳಲ್ಲಿ ಕೆಲವಕ್ಕೆ ಎನ್‌ಎಫ್1 ಕಾರಣ. ಅಂಗೈ, ಅಂಗಾಲು, ಉಗುರಿನಡಿ ಹಾಗೂ ಲೋಳೆಪೊರೆಗಳಲ್ಲಿ ಹುಟ್ಟುವ ಮೆಲನೋಮಗಳ ಒಂದು ಪಾಲಿನಲ್ಲಿ ಕಿಟ್ ಎಂಬ ವಂಶವಾಹಿ ಬದಲಾಗಿರುವುದು 2006ರಲ್ಲಿ ತಿಳಿದುಬಂದಿತು.

ಇಲ್ಲಿ ಮುಖ್ಯವಾದ ಭೇದವೊಂದನ್ನು ಗಮನಿಸಬೇಕು. ಬಿರಾಫ್, ಎನ್‌ರಾಸ್, ಕಿಟ್‌ಗಳ ಈ ಬದಲಾವಣೆಗಳು ಹುಟ್ಟಿನಿಂದ ಬಂದವುಗಳಲ್ಲ. ವ್ಯಕ್ತಿಯ ಜೀವಿತಾವಧಿಯಲ್ಲಿ, ಚರ್ಮದ ಯಾವುದೋ ಒಂದು ಕೋಶದಲ್ಲಿ ಉಂಟಾಗಿ, ಆ ಕೋಶದ ಸಂತತಿಯಾದ ಗಡ್ಡೆಗೆ ಮಾತ್ರ ಸೀಮಿತವಾಗಿರುತ್ತವೆ. ಅವು ಮಕ್ಕಳಿಗೆ ಹೋಗುವುದಿಲ್ಲ. ತಲೆಮಾರಿನಿಂದ ತಲೆಮಾರಿಗೆ ಸಾಗುವ ಉತ್ಪರಿವರ್ತನೆಗಳೂ ಉಂಟು. 1994ರಲ್ಲಿ ಗುರುತಿಸಲಾದ ಸಿಡಿಕೆಎನ್2ಎ ಅವುಗಳಲ್ಲಿ ಪ್ರಮುಖವಾದುದು. ಆದರೆ ಒಟ್ಟು ಮೆಲನೋಮಗಳಲ್ಲಿ ಇವುಗಳ ಪಾಲು ಸಣ್ಣದು. 'ವಂಶವಾಹಿ' ಎಂಬ ಪದ ಈ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಮೊದಲನೆಯದನ್ನು 'ಗಳಿಸಿದ ಉತ್ಪರಿವರ್ತನೆ', ಎರಡನೆಯದನ್ನು 'ಬಳುವಳಿಯ ಉತ್ಪರಿವರ್ತನೆ' ಎಂದು ಬೇರ್ಪಡಿಸಿ ಹೇಳುವುದು ಅಪೇಕ್ಷಣೀಯ.

ಚಿಕಿತ್ಸೆಯಲ್ಲಿ ಪಾತ್ರ

ತೂಬು ಕೆಟ್ಟಿರುವುದು ಎಲ್ಲಿ ಎಂದು ತಿಳಿದ ಮೇಲೆ ಅಲ್ಲಿಯೇ ತಡೆಯುವ ಔಷಧಗಳು ಸಾಧ್ಯವಾದವು. 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಿರಾಫ್ ಬದಲಾಗಿದ್ದ ರೋಗಿಗಳ ಪೈಕಿ ವೆಮುರಾಫೆನಿಬ್ ಪಡೆದವರಲ್ಲಿ ಶೇಕಡ 84ರಷ್ಟು ಮಂದಿ ಆರು ತಿಂಗಳ ನಂತರ ಬದುಕಿದ್ದರು. ಡಕಾರ್ಬಜಿನ್ ಪಡೆದವರಲ್ಲಿ ಈ ಪ್ರಮಾಣ ಶೇಕಡ 64. ಆದರೆ ಗಡ್ಡೆಯು ಬೇರೆ ಕಾಲುವೆಯನ್ನು ಕಂಡುಕೊಂಡು ಮರುಕಳಿಸುವುದು ಬೇಗನೆ ತಿಳಿಯಿತು. ಆದ್ದರಿಂದ ಮುಂದಿನ ಮೆಟ್ಟಿಲಾದ ಮೆಕ್ ಪ್ರೋಟೀನನ್ನೂ ಜೊತೆಗೆ ತಡೆಯುವ ಜೋಡಿ ಚಿಕಿತ್ಸೆ ರೂಢಿಗೆ ಬಂದಿತು. ಡಬ್ರಾಫೆನಿಬ್ ಮತ್ತು ಟ್ರಮೆಟಿನಿಬ್ ಜೋಡಿಯನ್ನು ಪಡೆದವರಲ್ಲಿ ಶೇಕಡ 34ರಷ್ಟು ಜನ ಐದು ವರ್ಷಗಳ ನಂತರವೂ ಬದುಕಿದ್ದರೆಂದು 2019ರ ವರದಿ ತಿಳಿಸುತ್ತದೆ.

ಪರೀಕ್ಷೆ ಮಾಡದೆ ಈ ಔಷಧಗಳನ್ನು ಕೊಡುವಂತಿಲ್ಲ. ಬಿರಾಫ್ ಸರಿಯಾಗಿದ್ದು ರಾಸ್ ಬದಲಾಗಿರುವ ಕೋಶಗಳಲ್ಲಿ ಬಿರಾಫ್ ತಡೆಯುವ ಔಷಧ ಬೆಳವಣಿಗೆಯನ್ನು ಕುಗ್ಗಿಸುವ ಬದಲು ಹೆಚ್ಚಿಸಬಲ್ಲದು. ಗಡ್ಡೆಯಿಂದ ತೆಗೆದ ತುಣುಕಿನ ಪರೀಕ್ಷೆ ಚಿಕಿತ್ಸೆಯ ಮೊದಲ ಹೆಜ್ಜೆಯಾಗಿರುವುದಕ್ಕೆ ಇದೇ ಕಾರಣ.

ಇದೇ ಅವಧಿಯಲ್ಲಿ ದೇಹದ ರೋಗನಿರೋಧಕ ಶಕ್ತಿಗೆ ಬಿದ್ದ ತಡೆಯನ್ನು ತೆಗೆಯುವ ಔಷಧಗಳೂ ಬಂದವು: 2011ರಲ್ಲಿ ಇಪಿಲಿಮುಮಾಬ್, 2014ರಲ್ಲಿ ಪೆಂಬ್ರೊಲಿಜುಮಾಬ್ ಮತ್ತು ನಿವೊಲುಮಾಬ್. ಇವುಗಳ ಹಿಂದಿನ ಸಂಶೋಧನೆಗಾಗಿ ಜೇಮ್ಸ್ ಅಲಿಸನ್ ಮತ್ತು ತಸುಕು ಹೊಂಜೊ 2018ರ ನೊಬೆಲ್ ಪ್ರಶಸ್ತಿ ಪಡೆದರು. ಬಿರಾಫ್ ಬದಲಾಗಿದ್ದರೂ ಮೊದಲು ನಿರೋಧಕ ಚಿಕಿತ್ಸೆ, ಅನಂತರ ಗುರಿಯಿಟ್ಟ ಔಷಧ ಎಂಬ ಕ್ರಮವೇ ಮೇಲೆಂದು ಡ್ರೀಮ್‌ಸೆಕ್ ಎಂಬ ಪ್ರಯೋಗ ತೋರಿಸಿತು: ಎರಡು ವರ್ಷಗಳ ನಂತರ ಬದುಕುಳಿದವರು ಮೊದಲ ಕ್ರಮದಲ್ಲಿ ಶೇಕಡ 72ರಷ್ಟು, ತಿರುವುಮುರುವಿನ ಕ್ರಮದಲ್ಲಿ ಶೇಕಡ 52ರಷ್ಟು. ಹೀಗೆ ಉತ್ಪರಿವರ್ತನೆಯ ತಿಳಿವಳಿಕೆ ಇಂದು ಯಾವ ಔಷಧ ಎಂಬುದನ್ನಷ್ಟೇ ಅಲ್ಲ, ಯಾವುದು ಮೊದಲು ಎಂಬ ವಿಚಾರವನ್ನೂ ಒಳಗೊಂಡಿದೆ.

ಮಚ್ಚೆಯ ಲೋಕಗ್ರಹಿಕೆ

ಕನ್ನಡ ಜನಪದದಲ್ಲಿ ಮಚ್ಚೆ ಒಂದು ಲಿಪಿ. ನಾಲಗೆಯ ಮೇಲೆ ಮಚ್ಚೆಯಿದ್ದವರು ಆಡಿದ್ದು ನಡೆಯುತ್ತದೆ, ಅಂಗಾಲಿನಲ್ಲಿದ್ದರೆ ತಿರುಗಾಟದ ಯೋಗವಿದೆ ಎಂಬ ನಂಬಿಕೆಗಳು ವ್ಯಾಪಕವಾಗಿವೆ. ಕಳೆದುಹೋದ ಮಗನನ್ನು ಹುಟ್ಟುಮಚ್ಚೆಯಿಂದ ಗುರುತಿಸುವ ಆಶಯ ಜಗತ್ತಿನ ಕಥೆಗಳಲ್ಲೆಲ್ಲ ಹರಡಿದೆ. ಈ ಎಲ್ಲ ನಂಬಿಕೆಗಳ ತಳಹದಿ ಒಂದೇ: ಮಚ್ಚೆ ಬದಲಾಗುವುದಿಲ್ಲ. ವೈದ್ಯಶಾಸ್ತ್ರವೂ ಇದನ್ನು ಪೂರ್ತಿ ಅಲ್ಲಗಳೆಯುವುದಿಲ್ಲ. ಸಾಧಾರಣ ಮಚ್ಚೆಗಳಲ್ಲಿಯೂ ಬಿರಾಫ್ ಬದಲಾವಣೆ ಹೇರಳವಾಗಿದ್ದು, ಅವು ಸ್ವಲ್ಪ ಬೆಳೆದು ನಿಂತುಬಿಡುತ್ತವೆ ಎಂಬುದು 2003ರ ನಂತರದ ತಿಳಿವಳಿಕೆ. ಅಂದರೆ ಒಂದು ಉತ್ಪರಿವರ್ತನೆ ಮಾತ್ರದಿಂದ ಕ್ಯಾನ್ಸರ್ ಆಗದು. ನಿಂತ ಮಚ್ಚೆ ಮತ್ತೆ ಬೆಳೆಯುವುದು, ಅಂಚು ಒರಟಾಗುವುದು, ಬಣ್ಣ ಹಲವಾಗುವುದು, ರಕ್ತ ಒಸರುವುದು ಇವೇ ಅಪಾಯದ ಸೂಚನೆಗಳು.

ಕಪ್ಪು ಮೈಬಣ್ಣದವರಲ್ಲಿ ಮೆಲನೋಮ ವಿರಳ. ಬಂದಾಗ ಅಂಗಾಲು ಮತ್ತು ಉಗುರಿನಡಿಯಲ್ಲಿ ಕಾಣಿಸಿಕೊಳ್ಳುವ ಪ್ರಮಾಣ ಹೆಚ್ಚು. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನಡಿಯಲ್ಲಿ ಮೆಲನೋಮ ಪತ್ತೆಯಾಯಿತು. ಬೆರಳು ತೆಗೆಸಲು ಆತ ಒಪ್ಪಲಿಲ್ಲ. 1981ರಲ್ಲಿ 36ನೆಯ ವಯಸ್ಸಿನಲ್ಲಿ ತೀರಿಕೊಂಡನು. ಕಾಲ್ಚೆಂಡಾಟದ ಗಾಯವೇ ಕ್ಯಾನ್ಸರಾಯಿತೆಂಬ ಕಥನ ಇಂದಿಗೂ ಜನಜನಿತ. ಗಾಯ ರೋಗದತ್ತ ಕಣ್ಣು ಹೊರಳಿಸಿರಬಹುದಾದರೂ ರೋಗವನ್ನು ಹುಟ್ಟಿಸಿತೆನ್ನಲು ಆಧಾರವಿಲ್ಲ. ಕರ್ನಾಟಕದ ಹಳ್ಳಿಗಳಲ್ಲಿಯೂ ಇಂತಹ ಕಲೆ ಮುಳ್ಳು ಚುಚ್ಚಿದ ಗಾಯ, ಆಣಿ ಅಥವಾ ಉಗುರುಸುತ್ತು ಎಂದು ಎಣಿಸಲ್ಪಟ್ಟು, ಸುಣ್ಣ ಹಚ್ಚುವುದು, ನಿಂಬೆಹಣ್ಣು ಸಿಕ್ಕಿಸುವುದು ಮುಂತಾದ ಉಪಚಾರದಲ್ಲಿಯೇ ಕಾಲ ಕಳೆದುಹೋಗುವ ಸಂಭವವಿದೆ. ನಿಜವಾದ ಉಗುರುಸುತ್ತು ಕೆಲವೇ ವಾರಗಳಲ್ಲಿ ವಾಸಿಯಾಗುತ್ತದೆ. ವಾಸಿಯಾಗದ ಕಪ್ಪು ಕಲೆಯನ್ನು ವೈದ್ಯರಿಗೆ ತೋರಿಸಲೇಬೇಕು.

ಅಂಗಾಲಿನ ಮೆಲನೋಮದಲ್ಲಿ ಬಿರಾಫ್ ಬದಲಾವಣೆ ಕಡಿಮೆಯಾದುದರಿಂದ ಅದನ್ನು ತಡೆಯುವ ಔಷಧಗಳ ಪ್ರಯೋಜನವೂ ಕಡಿಮೆ ಜನರಿಗೆ. ಕಿಟ್ ಬದಲಾಗಿದ್ದರೆ ಕೆಲವರಿಗೆ ಇಮಾಟಿನಿಬ್ ಫಲ ಕೊಡುತ್ತದೆ. 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯವು ನೊವಾರ್ಟಿಸ್ ಕಂಪನಿಯ ಪೇಟೆಂಟ್ ಮೇಲ್ಮನವಿಯನ್ನು ತಿರಸ್ಕರಿಸಿದುದರಿಂದ ಈ ಔಷಧ ಭಾರತದಲ್ಲಿ ಹಲವು ತಯಾರಕರಿಂದ ಕಡಿಮೆ ಬೆಲೆಗೆ ದೊರೆಯುತ್ತಿದೆ.

ಒಟ್ಟಿನಲ್ಲಿ, ಗಡ್ಡೆಯ ಉತ್ಪರಿವರ್ತನೆ ಹಣೆಬರಹವೂ ಅಲ್ಲ, ಕುಲದ ಕಳಂಕವೂ ಅಲ್ಲ. ಚಿಕಿತ್ಸೆಗೆ ದಾರಿ ತೋರುವ ಗುರುತು. ಈ ಅರ್ಥವನ್ನು ಜನರಿಗೆ ತಲಪಿಸಬಲ್ಲ ಪರಿಭಾಷೆಯನ್ನು ರೂಪಿಸುವುದು ವೈದ್ಯರ ಹೊಣೆ ಮಾತ್ರವಲ್ಲ; ಭಾಷೆ ಮತ್ತು ಜಾನಪದದ ಅಧ್ಯಯನಕಾರರಿಗೂ ಸೇರಿದ ಕೆಲಸ.