ಮಿನಿ ಎಂಜಿನ್ನಿಗೆ ಒಪ್ಪುವ ಕ್ಯಾಮ್

ವಾಲ್ವ್‌ಗಳು ಯಾವಾಗ ತೆರೆಯಬೇಕು, ಎಷ್ಟು ಎತ್ತರಕ್ಕೆ, ಎಷ್ಟು ಹೊತ್ತು ಎಂಬುದೆಲ್ಲ ಕ್ಯಾಮ್‌ಶಾಫ್ಟ್‌ನ ಮೇಲಿನ ಉಬ್ಬುಗಳಲ್ಲೇ ನಿರ್ಧಾರವಾಗಿರುತ್ತದೆ. 1959ರಲ್ಲಿ ಬ್ರಿಟನ್ನಿನ ರಸ್ತೆಗಿಳಿದ ಮಿನಿ ಕಾರಿನ ಎ-ಸೀರೀಸ್ ಎಂಜಿನ್ನಿನಲ್ಲಿ ಈ ಶಾಫ್ಟ್ ಬ್ಲಾಕಿನೊಳಗೇ ಕುಳಿತಿದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಇದು ಒಂದು ಸುತ್ತು ತಿರುಗಿ, ಟ್ಯಾಪೆಟ್, ಪುಶ್‌ರಾಡ್, ರಾಕರ್‌ಗಳ ಮೂಲಕ ವಾಲ್ವನ್ನು ಒತ್ತುತ್ತದೆ. ಬಹುಕಾಲ ನಮ್ಮ ರಸ್ತೆಗಳಲ್ಲಿ ಓಡಿದ ಅಂಬಾಸಡರ್‌ನ 1489 ಸಿಸಿ ಎಂಜಿನ್ನೂ ಮಿನಿಯನ್ನು ತಯಾರಿಸಿದ ಬಿಎಂಸಿ ಕಂಪನಿಯ ಮನೆತನದ್ದೇ. ಅದರದೂ ಇದೇ ಏರ್ಪಾಟು.

848 ಸಿಸಿಯ ಮೂಲ ಮಿನಿಯಲ್ಲಿ ಇನ್‌ಲೆಟ್ ವಾಲ್ವ್ ತೆರೆದಿರುವುದು ಕ್ರ್ಯಾಂಕ್ ಲೆಕ್ಕದಲ್ಲಿ 230 ಡಿಗ್ರಿ. 997 ಸಿಸಿಯ ಮಿನಿ ಕೂಪರ್‌ಗೆ ಅದು 252 ಆಯಿತು. ಬಿಎಂಸಿಯ 649 ಎಂಬ ರೇಸ್ ಕ್ಯಾಮ್‌ನಲ್ಲಿ ಸುಮಾರು 300. ಅವಧಿ ಹೆಚ್ಚಿದಷ್ಟೂ, ವೇಗವಾಗಿ ತಿರುಗುವ ಎಂಜಿನ್ ಹೆಚ್ಚು ಮಿಶ್ರಣ ತುಂಬಿಕೊಳ್ಳುತ್ತದೆ. ಆದರೆ ಇನ್‌ಲೆಟ್, ಎಕ್ಸಾಸ್ಟ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತೂ ಬೆಳೆಯುತ್ತದೆ. ನಿಧಾನಗತಿಯಲ್ಲಿ ಸುಟ್ಟ ಅನಿಲ ಇನ್‌ಲೆಟ್ ಕಡೆಗೆ ನುಗ್ಗುತ್ತದೆ; ಇನ್‌ಲೆಟ್ ತಡವಾಗಿ ಮುಚ್ಚುವುದರಿಂದ ಒಳಗೆ ಬಂದ ಮಿಶ್ರಣವೂ ಒಂದಿಷ್ಟು ಹಿಂದಕ್ಕೆ ಹೋಗುತ್ತದೆ. ಐಡ್ಲಿಂಗ್ ಅದುರುತ್ತದೆ, ಪಿಕಪ್ ಸಾಯುತ್ತದೆ. ಮೇಲೆ ಗಳಿಸಿದ್ದಕ್ಕೆ ಕೆಳಗೆ ತೆರಿಗೆ ಕಟ್ಟಲೇಬೇಕು. ಪೇಟೆಯ ಟ್ರಾಫಿಕ್ಕಿನಲ್ಲಿ ಓಡುವ ಕಾರಿಗೆ ರೇಸ್ ಕ್ಯಾಮ್ ಹಾಕಿಸುವುದು ಶೋಕಿಯೇ ಹೊರತು ಸುಧಾರಣೆಯಲ್ಲ. ಕೂಪರ್‌ನ ಅಳತೆಗಿಂತ ತುಸು ಮುಂದಿರುವ ಕ್ಯಾಮ್ ಬಹುತೇಕರಿಗೆ ಸಾಕು.

ಈ ಎಂಜಿನ್ನಿಗೆ ತನ್ನದೇ ಒಂದು ತೊಡಕೂ ಇದೆ. ನಾಲ್ಕು ಸಿಲಿಂಡರ್‌ಗಳಿಗೆ ಇನ್‌ಲೆಟ್ ದಾರಿ ಎರಡೇ. ಒಂದು–ಎರಡಕ್ಕೆ ಒಂದು, ಮೂರು–ನಾಲ್ಕಕ್ಕೆ ಇನ್ನೊಂದು. ಉರಿಯುವ ಸರದಿ 1-3-4-2 ಆದ್ದರಿಂದ ಜೋಡಿಯ ಎರಡೂ ಬೆನ್ನುಬೆನ್ನಿಗೇ ಉಸಿರೆಳೆಯುತ್ತವೆ, ಪಾಲು ಸಮವಾಗುವುದಿಲ್ಲ. ಈ ಅಸಮಾನತೆಯನ್ನು ಸರಿದೂಗಿಸಲು ಒಳಗಿನ, ಹೊರಗಿನ ಸಿಲಿಂಡರ್‌ಗಳಿಗೆ ಬೇರೆ ಬೇರೆ ಟೈಮಿಂಗ್ ಕೊಟ್ಟು ಕಡೆದದ್ದೇ ‘ಸ್ಕ್ಯಾಟರ್’ ಕ್ಯಾಮ್.

ಕ್ಯಾಮ್ ಒಂದನ್ನೇ ಬದಲಿಸಿದರೆ ಹಣ ದಂಡ. ಅವಧಿ ಉದ್ದವಾದರೆ ಕಂಪ್ರೆಶನ್ ಏರಿಸಬೇಕಾಗುತ್ತದೆ. ಎಸ್‌ಯು ಕಾರ್ಬ್ಯುರೇಟರ್‌ನ ಸೂಜಿ, ಡಿಸ್ಟ್ರಿಬ್ಯೂಟರ್‌ನ ಅಡ್ವಾನ್ಸ್, ವಾಲ್ವ್ ಸ್ಪ್ರಿಂಗ್ ಎಲ್ಲವನ್ನೂ ಅದಕ್ಕೆ ಹೊಂದಿಸಬೇಕು. ಆಯಿಲ್ ಪಂಪನ್ನು ತಿರುಗಿಸುವುದು ಕ್ಯಾಮ್‌ನ ಹಿಂತುದಿ. ಆ ಜೋಡಣೆ ಎಲ್ಲ ಎಂಜಿನ್ನುಗಳಲ್ಲಿ ಒಂದೇ ತೆರನಲ್ಲ, ಕೊಳ್ಳುವ ಮುನ್ನವೇ ನೋಡಿಕೊಳ್ಳುವುದು ಕ್ಷೇಮ.

ಹೊಸ ಕ್ಯಾಮ್‌ಗೆ ಹೊಸ ಟ್ಯಾಪೆಟ್‌ಗಳೇ ಬೇಕು. ಸವೆದ ಹಳೆಯವು ಉಬ್ಬುಗಳನ್ನು ಬೇಗನೆ ತಿಂದುಹಾಕುತ್ತವೆ. ಚೈನ್ ಚಕ್ರದ ಗುರುತನ್ನಷ್ಟೇ ನಂಬದೆ ಡಿಗ್ರಿ ಡಿಸ್ಕ್, ಡಯಲ್ ಗೇಜ್ ಹಿಡಿದು ಟೈಮಿಂಗ್ ಅಳೆಯಬೇಕು. ಸತು ಬೆರೆತ ಆಯಿಲ್ ತುಂಬಿ, ಮೊದಲ ಸಲ ಸ್ಟಾರ್ಟ್ ಮಾಡಿದಾಗ ಐಡ್ಲಿಂಗ್‌ನಲ್ಲಿ ಬಿಡದೆ, 2000 ಆರ್‌ಪಿಎಂಗಿಂತ ಮೇಲೆ ಸುಮಾರು 20 ನಿಮಿಷ ಓಡಿಸಬೇಕು. ಉಬ್ಬು ಮತ್ತು ಟ್ಯಾಪೆಟ್‌ಗಳ ಮೇಲ್ಮೈ ಒಂದಕ್ಕೊಂದು ಹೊಂದಿಕೊಳ್ಳುವುದು ಈ ಹೊತ್ತಿನಲ್ಲೇ.