ಶಾಸಕರ ಕೈ ಕಟ್ಟಿದರೆ ತೆರಿಗೆ ಇಳಿಯುವುದೇ?

ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ ಎಂದು ಭಾರತ ಸಂವಿಧಾನದ 265ನೇ ವಿಧಿ ಹೇಳುತ್ತದೆ. ಆ ಕಾನೂನನ್ನು ಮಾಡುವವರು ಜನರು ಆರಿಸಿ ಕಳಿಸಿದ ಪ್ರತಿನಿಧಿಗಳು, ಅದಕ್ಕೆ ಸದನದಲ್ಲಿ ಹಾಜರಿದ್ದು ಮತ ಹಾಕಿದವರ ಸರಳ ಬಹುಮತ ಸಾಕು. ಇಷ್ಟು ದೊಡ್ಡ ಅಧಿಕಾರವನ್ನು ಪ್ರತಿನಿಧಿಗಳ ವಿವೇಚನೆಗೆ ಬಿಡಬಾರದು, ಅದಕ್ಕೆ ಶಾಶ್ವತವಾದ ಮಿತಿ ಹಾಕಬೇಕು ಎಂಬ ವಾದ ಅಮೆರಿಕದ ಕೆಲವು ರಾಜ್ಯಗಳಲ್ಲಿ ಜನಮತ ಪ್ರಸ್ತಾವದ ರೂಪ ತಾಳಿದೆ. ನಿಗದಿತ ಸಂಖ್ಯೆಯ ಮತದಾರರ ಸಹಿ ಸಂಗ್ರಹಿಸಿ, ಒಂದು ಮಸೂದೆಯನ್ನು ಜನರ ಮತಕ್ಕೇ ನೇರವಾಗಿ ಹಾಕುವ ಪದ್ಧತಿ ಇದು. ಕ್ಯಾಲಿಫೋರ್ನಿಯದ ಮತದಾರರು 1978ರ ಜೂನ್ 6ರಂದು ಒಪ್ಪಿದ 13ನೇ ಪ್ರಸ್ತಾವ ಇವುಗಳಲ್ಲಿ ಹೆಸರಾದದ್ದು. ಆಸ್ತಿ ತೆರಿಗೆ ಮೌಲ್ಯದ ಶೇ 1ನ್ನು ಮೀರಬಾರದು, ತೆರಿಗೆಗೆ ಲೆಕ್ಕ ಹಿಡಿಯುವ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಬಾರದು, ರಾಜ್ಯದ ತೆರಿಗೆ ಹೆಚ್ಚಿಸಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು ಎಂದು ಅದು ಕಟ್ಟು ಹಾಕಿತು. ವಾಷಿಂಗ್ಟನ್ ರಾಜ್ಯದ ಮತದಾರರು 2010ರಲ್ಲಿ ಇಂಥದೇ ಬಹುಮತದ ಷರತ್ತನ್ನು ಒಪ್ಪಿದರಾದರೂ, 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದು ರಾಜ್ಯದ ಸಂವಿಧಾನಕ್ಕೆ ಒಪ್ಪುವುದಿಲ್ಲವೆಂದು ತಳ್ಳಿಹಾಕಿತು.

ಮೂರನೇ ಎರಡರ ಷರತ್ತು ಕೇಳಲು ಜನಪರವಾಗಿಯೇ ಇದೆ. ಅದನ್ನು ಕರ್ನಾಟಕದ 224 ಸದಸ್ಯರ ವಿಧಾನಸಭೆಗೆ ಅನ್ವಯಿಸಿದರೆ ಎಲ್ಲರೂ ಹಾಜರಿದ್ದ ದಿನ 149 ಮಂದಿ ಬೇಕೆಂದರೂ ಉಳಿದ 75 ಮಂದಿ ಬೇಡವೆಂದು ತಡೆಯಬಹುದು. ಆಗ, ಉದಾಹರಣೆಗೆ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕ್ಷೇತ್ರಗಳ ನಾಲ್ವರು ಶಾಸಕರ ಮತಕ್ಕೆ 'ಬೇಕು' ಎಂದಾಗ ಇರುವ ತೂಕಕ್ಕಿಂತ 'ಬೇಡ' ಎಂದಾಗಿನ ತೂಕ ಹೆಚ್ಚಾಗುತ್ತದೆ.

ಕರ್ನಾಟಕದಲ್ಲಿ ಜನಮತ ಪ್ರಸ್ತಾವದ ವ್ಯವಸ್ಥೆಯಿಲ್ಲ. ಆದರೆ ತೆರಿಗೆಗೆ ಮಿತಿ ಹಾಕಿದರೆ ಏನಾಗುತ್ತದೆ ಎಂದು ತಿಳಿಯಲು ಕ್ಯಾಲಿಫೋರ್ನಿಯದವರೆಗೆ ಹೋಗಬೇಕಾಗಿಯೂ ಇಲ್ಲ, ಬಿಡದಿ ಕೈಗಾರಿಕಾ ಪ್ರದೇಶದ ಸಂಬಳದ ಚೀಟಿಯೊಂದೇ ಸಾಕು. ಅದರಲ್ಲಿ ಪ್ರತಿ ತಿಂಗಳು ವೃತ್ತಿ ತೆರಿಗೆಯೆಂದು 200 ರೂಪಾಯಿ ಕಡಿತವಾಗಿರುತ್ತದೆ, ಫೆಬ್ರವರಿಯಲ್ಲಿ ಮಾತ್ರ 300. ಈ ವಿಚಿತ್ರ ಲೆಕ್ಕಕ್ಕೆ ಕಾರಣ ಸಂವಿಧಾನದ 276ನೇ ವಿಧಿ. ಒಬ್ಬ ವ್ಯಕ್ತಿಯಿಂದ ವರ್ಷಕ್ಕೆ 250 ರೂಪಾಯಿಗಿಂತ ಹೆಚ್ಚು ವೃತ್ತಿ ತೆರಿಗೆ ಪಡೆಯಬಾರದೆಂದಿದ್ದ ಈ ವಿಧಿಯನ್ನು 1988ರ 60ನೇ ತಿದ್ದುಪಡಿ 2,500 ರೂಪಾಯಿಗೆ ಏರಿಸಿತು, ಅಲ್ಲಿಂದ ಅದು ಕದಲಿಲ್ಲ. ತಿಂಗಳಿಗೆ 200ರಂತೆ 2,400 ಆಗುತ್ತಿದ್ದುದರಿಂದ, ಉಳಿದಿದ್ದ ನೂರು ರೂಪಾಯಿಯನ್ನೂ ಸೇರಿಸಿಕೊಳ್ಳಲು ರಾಜ್ಯ ಸರ್ಕಾರ 2025ರಲ್ಲಿ ಫೆಬ್ರವರಿಯ ದರ ಹೆಚ್ಚಿಸಿತು. ತಿಂಗಳಿಗೆ 25,000 ರೂಪಾಯಿ ಪಡೆಯುವ ಕಾರ್ಮಿಕನೂ ಐದು ಲಕ್ಷ ಪಡೆಯುವ ಅಧಿಕಾರಿಯೂ ಕಟ್ಟುವುದು ಅದೇ 2,500. ಶ್ರೀಮಂತರಿಂದ ಹೆಚ್ಚು ಪಡೆದು ಕಡಿಮೆ ಸಂಬಳದವರ ಹೊರೆ ಇಳಿಸಲು ಶಾಸಕರಿಗೆ ಮನಸ್ಸಿದ್ದರೂ ದಾರಿಯಿಲ್ಲ, ಏಕೆಂದರೆ ಮಿತಿಯನ್ನು ಬದಲಿಸಬೇಕಾದರೆ ಸಂಸತ್ತೇ ಮತ್ತೊಮ್ಮೆ ಸಂವಿಧಾನ ತಿದ್ದಬೇಕು.

ಮಿತಿಯ ಇನ್ನೊಂದು ಪರಿಣಾಮವೆಂದರೆ ತೀರ್ಮಾನ ಮಾಡುವ ಜಾಗವೇ ಊರಿನಿಂದ ದೂರವಾಗುವುದು. 13ನೇ ಪ್ರಸ್ತಾವದ ನಂತರ ಕ್ಯಾಲಿಫೋರ್ನಿಯದ ಶಾಲೆಗಳು ಊರಿನ ತೆರಿಗೆಯನ್ನು ಬಿಟ್ಟು ರಾಜಧಾನಿಯ ಹಣವನ್ನು ಹೆಚ್ಚಾಗಿ ನೆಚ್ಚಬೇಕಾಯಿತು, ನಗರಗಳು ಶುಲ್ಕಗಳತ್ತ ತಿರುಗಿದವು, ಒಂದೇ ಬೀದಿಯ ಒಂದೇ ಬಗೆಯ ಎರಡು ಮನೆಗಳಲ್ಲಿ ಹೊಸದಾಗಿ ಕೊಂಡವನು ಹಳಬನಿಗಿಂತ ಹಲವು ಪಟ್ಟು ಕಟ್ಟುವಂತಾಯಿತು. ಕರ್ನಾಟಕದಲ್ಲೂ ತೀರ್ಮಾನ ಹೀಗೆಯೇ ಊರಿನಿಂದ ದೂರ ಸರಿದದ್ದುಂಟು. ಊರೊಳಗೆ ಬರುವ ಸರಕಿನ ಮೇಲೆ ಪೌರಸಂಸ್ಥೆಗಳು ಪಡೆಯುತ್ತಿದ್ದ ಆಕ್ಟ್ರಾಯ್ ಸುಂಕ 1979ರಲ್ಲಿ ರದ್ದಾಗಿ, ಆ ಜಾಗದಲ್ಲಿ ರಾಜ್ಯವೇ ಪ್ರವೇಶ ತೆರಿಗೆ ತಂದಿತು. ಸುಂಕದ ಕಟ್ಟೆಯ ಕಿರುಕುಳ ತಪ್ಪಿದ್ದು ಒಳ್ಳೆಯದೇ, ಆದರೆ ಪೌರಸಂಸ್ಥೆಗಳು ಬೆಂಗಳೂರಿನ ಅನುದಾನಕ್ಕೆ ಕಾಯುವಂತಾಯಿತು. 1983ರಲ್ಲಿ ಮುಖ್ಯಮಂತ್ರಿಯಾಗಿ, ಬಳಿಕ ಕನಕಪುರದಿಂದ ವಿಧಾನಸಭೆಗೆ ಆಯ್ಕೆಯಾದ ರಾಮಕೃಷ್ಣ ಹೆಗಡೆಯವರ ಸರ್ಕಾರ ಅಧಿಕಾರ ವಿಕೇಂದ್ರೀಕರಣಕ್ಕೆ ಹೆಸರಾದರೂ, ಜಿಲ್ಲಾ ಪರಿಷತ್ತುಗಳಿಗೆ ಸ್ವಂತ ತೆರಿಗೆಯ ಬಲ ಸಿಗಲಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ ನಗರಸಭೆಗಳಿಗೂ ಮಾಗಡಿ ಪುರಸಭೆಗೂ ಸ್ವಂತದ್ದೆಂದು ಉಳಿದಿರುವ ಮುಖ್ಯ ಆದಾಯ ಆಸ್ತಿ ತೆರಿಗೆ. ಅದರ ಮೇಲೆ ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3 ಎಂದು ಉಪಕರಗಳು ಸೇರುತ್ತವೆ. ಇವನ್ನು ವಸೂಲಿ ಮಾಡುವುದಷ್ಟೇ ಪೌರಸಂಸ್ಥೆಯ ಕೆಲಸ, ಹಣ ಅದರ ಕೈಯಲ್ಲಿ ಉಳಿಯುವುದಿಲ್ಲ. ತೆರಿಗೆಗೆ ಮಾತ್ರ ಮಿತಿ ಬಿದ್ದರೆ ಇಂಥ ಉಪಕರ, ಸೇವಾ ಶುಲ್ಕ, ಟೋಲ್‌ಗಳ ದಾರಿ ತೆರೆದೇ ಇರುತ್ತದೆ. ಬಿಡದಿ ಸಮೀಪದ ಶೇಷಗಿರಿಹಳ್ಳಿಯಲ್ಲಿ 2023ರ ಮಾರ್ಚಿನಿಂದ ಬೆಂಗಳೂರು–ಮೈಸೂರು ಹೆದ್ದಾರಿಗೆ ಟೋಲ್ ಪಡೆಯಲಾಗುತ್ತಿದೆ. ಅದು ಕೇಂದ್ರದ ನಿಯಮದಂತೆ ಶೇ 3 ಮತ್ತು ಸಗಟು ಬೆಲೆ ಸೂಚ್ಯಂಕದ ಏರಿಕೆಯ ಶೇ 40 ಸೇರಿ ವರ್ಷ ವರ್ಷ ತಾನಾಗಿ ಪರಿಷ್ಕರಣೆಯಾಗುವ ಶುಲ್ಕವೇ ಹೊರತು ತೆರಿಗೆಯಲ್ಲ, ಹಾಗಾಗಿ ಅದರ ಏರಿಕೆಗೆ ಯಾವ ಶಾಸಕನೂ ಕೈ ಎತ್ತಬೇಕಾಗಿಲ್ಲ, ಯಾರೂ ಉತ್ತರ ಹೇಳಬೇಕಾಗಿಯೂ ಇಲ್ಲ.

ಮಿತಿ ಬೇಕೆನ್ನುವವರ ಆತಂಕ ಸುಳ್ಳಲ್ಲ. ಆಸ್ತಿ ತೆರಿಗೆಯ ಲೆಕ್ಕ ನಿಂತಿರುವುದು ನೋಂದಣಿಗೆ ಬಳಸುವ ಮಾರ್ಗಸೂಚಿ ದರದ ಮೇಲೆ. 2023ರ ಅಕ್ಟೋಬರ್ 1ರಂದು ಆ ದರ ರಾಜ್ಯದಾದ್ಯಂತ ಏರಿತು. ಹೆದ್ದಾರಿಯ ಕಾರಣದಿಂದ ನೆಲದ ಬೆಲೆ ಹೆಚ್ಚಿದ ಮಾತ್ರಕ್ಕೆ ರಾಮನಗರದ ರೇಷ್ಮೆ ಬಿಚ್ಚಾಣಿಕೆದಾರನ ಆದಾಯವಾಗಲಿ ಚನ್ನಪಟ್ಟಣದ ಗೊಂಬೆ ಕುಶಲಕರ್ಮಿಯ ಕೂಲಿಯಾಗಲಿ ಹೆಚ್ಚುವುದಿಲ್ಲ. ಮನೆ ಮಾರದವನಿಗೆ ಆ ಬೆಲೆ ಕಾಗದದ ಮೇಲಿನದು. ಆದರೆ ಇದಕ್ಕೆ ಮದ್ದು ದರದಲ್ಲಿದೆ. 1964ರ ಪೌರಸಭೆಗಳ ಕಾಯ್ದೆ ಕನಿಷ್ಠ ಮತ್ತು ಗರಿಷ್ಠ ದರಗಳನ್ನು ಹೇಳಿ, ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ಆಯಾ ಪೌರಸಂಸ್ಥೆಗೆ ಬಿಡುತ್ತದೆ. ಮಾರ್ಗಸೂಚಿ ದರ ಜಿಗಿದ ವರ್ಷ ತೆರಿಗೆಯ ದರವನ್ನು ಕೆಳಗಿಳಿಸಲು, ಸಣ್ಣ ಮನೆಗಳಿಗೂ ವಾಣಿಜ್ಯ ಕಟ್ಟಡಗಳಿಗೂ ಬೇರೆ ಬೇರೆ ದರ ಇಡಲು, ಹೊಸ ತೆರಿಗೆಗೆ ಮುನ್ನ ಊರವರ ಆಕ್ಷೇಪಣೆ ಕೇಳಲು ಅಲ್ಲಿ ಅವಕಾಶವಿದೆ. ಸಭೆಯಲ್ಲಿ ದರ ಗೊತ್ತುಪಡಿಸಿದ ಸದಸ್ಯ ಅದೇ ವಾರ್ಡಿನಲ್ಲಿ ಮುಂದಿನ ಚುನಾವಣೆಗೆ ಮತ ಕೇಳಲು ಬರಬೇಕಾಗುತ್ತದೆ.