ಹೆಡ್ಡಾಫೀಸು ಯಾರ ಊರಿಗೆ?

ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಮೆಟ್ರೋ ನಿಲ್ದಾಣದಲ್ಲಿ ಇಳಿದ್ರೆ ಡಾ. ರಾಜ್‌ಕುಮಾರ್ ರಸ್ತೆ ಕಡೆ ಒಂದು ಎತ್ತರದ ಕಟ್ಟಡ ಕಾಣುತ್ತೆ. ಅದೇ ವರ್ಲ್ಡ್ ಟ್ರೇಡ್ ಸೆಂಟರ್. ಪಕ್ಕದ ಒರಾಯನ್ ಮಾಲ್‌ಗೆ ನಾವೆಲ್ಲ ಹೋಗಿದ್ದೇವೆ, ಆದ್ರೆ ಅಮೆಜಾನ್‌ನ ಭಾರತದ ಮುಖ್ಯ ಕಚೇರಿ ವರ್ಷಗಳ ಕಾಲ ಅದರ ಪಕ್ಕದಲ್ಲೇ ಇತ್ತು ಅನ್ನೋದು ಎಷ್ಟು ಜನರಿಗೆ ಗೊತ್ತು? ಆ ಜಾಗ ಒಂದು ಕಾಲಕ್ಕೆ ಕಿರ್ಲೋಸ್ಕರ್ ಕಂಪನಿಯದ್ದು. ಮೋಟಾರು ಹೋಗಿ ಮಾಲ್ ಬಂತು, ಜೊತೆಗೆ ಅಮೆಜಾನ್ ಬಂತು. 2025ರಲ್ಲಿ ಅಮೆಜಾನ್ ಕೂಡ ತನ್ನ ಮುಖ್ಯ ಕಚೇರಿಯನ್ನು ಇಲ್ಲಿಂದ ವಿಮಾನ ನಿಲ್ದಾಣದ ಕಡೆಗೆ ಸಾಗಿಸೋಕೆ ಶುರು ಮಾಡಿತು. ಅಲ್ಲಿ ಬಾಡಿಗೆ ಕಡಿಮೆ ಅನ್ನೋದು ಆಗ ಪತ್ರಿಕೆಗಳಲ್ಲಿ ಬಂದ ಮುಖ್ಯ ಕಾರಣ.

ಊರು ಬಿಟ್ಟು ಹೋಗಲಿಲ್ಲವಲ್ಲ, ಬೆಂಗಳೂರಲ್ಲೇ ಇದೆಯಲ್ಲ ಅನ್ನಬಹುದು. ನಿಜ. ಆದ್ರೆ ವಿಜಯನಗರದಲ್ಲಿ ಮನೆ ಮಾಡಿಕೊಂಡು, ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಾಯಿಸಿ ಆರಾಮಾಗಿ ಕೆಲಸಕ್ಕೆ ಹೋಗ್ತಿದ್ದವರಿಗೆ ಇದು ಬೇರೆ ಊರಿಗೆ ವರ್ಗ ಆದ ಹಾಗೇನೇ. ಒಂದು ಕಂಪನಿ ಎಲ್ಲಿ ಕೂರುತ್ತೆ ಅನ್ನೋದು ನಮ್ಮ ಬಾಡಿಗೆ, ಬಸ್ಸು, ಪಿಜಿ, ಕೊನೆಗೆ ಪ್ಲೇಸ್‌ಮೆಂಟ್ ತನಕ ತಟ್ಟುತ್ತೆ. ಹಾಗಾದ್ರೆ ಅದನ್ನ ತೀರ್ಮಾನ ಮಾಡೋದು ಯಾರು? ಊರುಗಳು ಯಾಕೆ ಕಂಪನಿಗಳ ಹಿಂದೆ ಬೀಳುತ್ತವೆ?

238 ಊರುಗಳ ಸ್ವಯಂವರ

ಈ ಆಟದ ದೊಡ್ಡ ಉದಾಹರಣೆಯೂ ಅಮೆಜಾನ್‌ದೇ. 2017ರ ಸೆಪ್ಟೆಂಬರ್‌ನಲ್ಲಿ ಕಂಪನಿ ಒಂದು ಪ್ರಕಟಣೆ ಕೊಟ್ಟಿತು: ಸಿಯಾಟಲ್ ಬಿಟ್ಟು ಎರಡನೇ ಮುಖ್ಯ ಕಚೇರಿ ಕಟ್ಟುತ್ತೇವೆ, 500 ಕೋಟಿ ಡಾಲರ್ ಹಾಕುತ್ತೇವೆ, 50 ಸಾವಿರ ಕೆಲಸ ಕೊಡುತ್ತೇವೆ, ನಿಮ್ಮೂರು ಏನು ಕೊಡುತ್ತೆ ಹೇಳಿ. ಉತ್ತರ ಅಮೆರಿಕದಿಂದ 238 ಅರ್ಜಿ ಬಂದವು. ಅರಿಜೋನಾದ ಟೂಸಾನ್‌ನವರು 21 ಅಡಿಯ ಕಳ್ಳಿಗಿಡವನ್ನೇ ಕಾಣಿಕೆ ಕಳಿಸಿದರು. ಜಾರ್ಜಿಯಾದ ಸ್ಟೋನ್‌ಕ್ರೆಸ್ಟ್ ಅನ್ನೋ ಪಟ್ಟಣ 345 ಎಕರೆ ಬಿಟ್ಟುಕೊಟ್ಟು ಅದಕ್ಕೆ 'ಅಮೆಜಾನ್' ಅಂತಲೇ ಹೆಸರಿಡೋಕೆ ತಯಾರಾಯಿತು.

2018ರ ನವೆಂಬರ್‌ನಲ್ಲಿ ಫಲಿತಾಂಶ ಬಂತು. ಒಂದು ಭಾಗ ನ್ಯೂಯಾರ್ಕ್‌ಗೆ, ಇನ್ನೊಂದು ವರ್ಜೀನಿಯಾದ ಆರ್ಲಿಂಗ್ಟನ್‌ಗೆ, ತಲಾ 25 ಸಾವಿರ ಕೆಲಸ. ಈಗ ಸ್ವಲ್ಪ ಲೆಕ್ಕ ಮಾಡೋಣ. ನ್ಯೂಯಾರ್ಕ್ ಕೊಡಲು ಒಪ್ಪಿದ ರಿಯಾಯಿತಿ ಸುಮಾರು 300 ಕೋಟಿ ಡಾಲರ್. ಅಂದ್ರೆ ಒಂದು ಕೆಲಸಕ್ಕೆ 1,20,000 ಡಾಲರ್. ವರ್ಜೀನಿಯಾ ಮತ್ತು ಆರ್ಲಿಂಗ್ಟನ್ ಸೇರಿ ನೇರವಾಗಿ ಕೊಡಲು ಒಪ್ಪಿದ್ದು 57.3 ಕೋಟಿ ಡಾಲರ್. ಒಂದು ಕೆಲಸಕ್ಕೆ ಸುಮಾರು 23 ಸಾವಿರ. ಒಂದೇ ಕಂಪನಿ, ಅಷ್ಟೇ ಕೆಲಸ, ಬೆಲೆಯಲ್ಲಿ ಐದು ಪಟ್ಟು ವ್ಯತ್ಯಾಸ!

ನ್ಯೂಯಾರ್ಕ್ ಜನ ಸುಮ್ಮನಿರಲಿಲ್ಲ. ಪ್ರತಿಭಟನೆ ಜೋರಾಗಿ, 2019ರ ಫೆಬ್ರವರಿ 14ರಂದು ಅಮೆಜಾನ್ ಅಲ್ಲಿನ ಯೋಜನೆ ಕೈಬಿಟ್ಟಿತು. ಮಜಾ ಇರೋದು ಮುಂದೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಅದೇ ನ್ಯೂಯಾರ್ಕ್‌ನಲ್ಲಿ 1,500 ಜನರಿಗೆ ಆಗುವಷ್ಟು ಕಚೇರಿಯನ್ನ, ಯಾವ ವಿಶೇಷ ರಿಯಾಯಿತಿಯೂ ಇಲ್ಲದೆ, ಕಂಪನಿ ಬಾಡಿಗೆಗೆ ಹಿಡಿಯಿತು. ಕೆಲಸಗಾರರು ಅಲ್ಲಿದ್ದರು, ಅದಕ್ಕೇ ಹೋಯಿತು.

ವರ್ಜೀನಿಯಾದ ಜಾಣತನ ಎರಡು ಕಡೆ ಕಾಣುತ್ತೆ. ಒಂದು, ದುಡ್ಡನ್ನ ಮುಂಗಡ ಕೊಡಲಿಲ್ಲ. ಕೆಲಸ ಕೊಟ್ಟು ತೋರಿಸಿ, ಆಮೇಲೆ ತಗೊಳ್ಳಿ ಅಂದರು. 2023ರಲ್ಲಿ ಅಮೆಜಾನ್ ಎರಡನೇ ಹಂತದ ಕಟ್ಟಡಗಳನ್ನು ಮುಂದೂಡಿದಾಗ ಈ ಷರತ್ತಿನ ಬೆಲೆ ಗೊತ್ತಾಯಿತು. ಎರಡು, ಹೆಚ್ಚು ದುಡ್ಡನ್ನ ಕಂಪನಿಗಲ್ಲ, ಕಾಲೇಜುಗಳಿಗೆ ಹಾಕಿದರು. ಕಂಪ್ಯೂಟರ್ ಸೈನ್ಸ್ ಪದವೀಧರರನ್ನು ಹೆಚ್ಚಿಸೋಕೆ 20 ವರ್ಷಗಳಲ್ಲಿ ನೂರು ಕೋಟಿ ಡಾಲರ್‌ಗೂ ಮೀರಿದ ಯೋಜನೆ, ವರ್ಜೀನಿಯಾ ಟೆಕ್‌ಗೆ ಹೊಸ ಕ್ಯಾಂಪಸ್. ನಾಳೆ ಅಮೆಜಾನ್ ಎದ್ದು ಹೋದರೂ ಕಾಲೇಜು ಅಲ್ಲೇ ಇರುತ್ತೆ.

ನಮ್ಮ ಪಕ್ಕದ ಮನೆಯ ಪೈಪೋಟಿ

ಅಮೆರಿಕ ಬಿಡಿ, ನಮ್ಮಲ್ಲಿಗೆ ಬರೋಣ. 2025ರ ಏಪ್ರಿಲ್‌ನಲ್ಲಿ ಆಂಧ್ರ ಸಚಿವ ಸಂಪುಟ ವಿಶಾಖಪಟ್ಟಣದಲ್ಲಿ ಟಿಸಿಎಸ್‌ಗೆ 21 ಎಕರೆಗೂ ಹೆಚ್ಚು ಜಾಗವನ್ನು 99 ಪೈಸೆಯ ಸಾಂಕೇತಿಕ ಬೆಲೆಗೆ ಕೊಡಲು ಒಪ್ಪಿತು. ಬದಲಿಗೆ 12 ಸಾವಿರ ಕೆಲಸದ ಭರವಸೆ. ಜುಲೈ 15ರಂದು ನಮ್ಮ ಮುಖ್ಯಮಂತ್ರಿ ಸಿದ್ದರಾಮಯ್ಯ, ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನ ಕೈಬಿಟ್ಟಿದ್ದೇವೆ ಅಂದರು. ರೈತರು ಮೂರು ವರ್ಷಕ್ಕೂ ಮೀರಿ ಹೋರಾಡಿ ಗೆದ್ದಿದ್ದರು. ಸುದ್ದಿ ಆರುವ ಮೊದಲೇ ಆಂಧ್ರದ ಸಚಿವ ನಾರಾ ಲೋಕೇಶ್, ವಿಮಾನೋದ್ಯಮದವರೇ ನಮ್ಮಲ್ಲಿಗೆ ಬನ್ನಿ, ಜಾಗ ತಯಾರಿದೆ ಅಂತ ಕರೆದರು. ಅಕ್ಟೋಬರ್‌ನಲ್ಲಿ ಗೂಗಲ್ ವಿಶಾಖಪಟ್ಟಣದಲ್ಲಿ 5 ವರ್ಷಕ್ಕೆ 1,500 ಕೋಟಿ ಡಾಲರ್ ಹೂಡಿಕೆಯ ಎಐ ಕೇಂದ್ರ ಘೋಷಿಸಿತು. ನಮ್ಮ ಐಟಿ ಸಚಿವ ಪ್ರಿಯಾಂಕ್ ಖರ್ಗೆ, ಅದಕ್ಕೆ ಆಂಧ್ರ 22 ಸಾವಿರ ಕೋಟಿ ರೂಪಾಯಿ ರಿಯಾಯಿತಿ ಕೊಡ್ತಿದೆ ಅಂತ ಟೀಕಿಸಿದರು.

ಇಲ್ಲಿ ಒಂದು ವಿಷಯ ಗಮನಿಸಿ. ಡೇಟಾ ಸೆಂಟರ್ ಬೇರೆ, ಮುಖ್ಯ ಕಚೇರಿ ಬೇರೆ. ಡೇಟಾ ಸೆಂಟರ್‌ಗೆ ಕರೆಂಟು, ನೀರು ಬಹಳ ಬೇಕು, ಜನ ಕಡಿಮೆ ಸಾಕು. 'ಇಷ್ಟು ಕೋಟಿ ಹೂಡಿಕೆ' ಅನ್ನೋ ಹೆಡ್‌ಲೈನ್ ಓದಿದ ಕೂಡಲೇ ಅಷ್ಟು ಕೆಲಸ ಬಂತು ಅಂದುಕೊಳ್ಳಬೇಡಿ.

ಎಲ್ಲ ರಾಜ್ಯಗಳಿಗೂ ಇದು ದುಬಾರಿ ಆಟ ಅಂತ ಗೊತ್ತು. ಆದ್ರೂ ಯಾಕೆ ಆಡ್ತಾರೆ? ಗೇಮ್ ಥಿಯರಿ ಓದಿದವರಿಗೆ ಇದು ಖೈದಿಗಳ ಇಕ್ಕಟ್ಟು. ಇಬ್ಬರೂ ರಿಯಾಯಿತಿ ಕೊಡದಿದ್ರೆ ಕಂಪನಿ ಹೇಗೂ ಇಬ್ಬರಲ್ಲಿ ಒಬ್ಬರ ಕಡೆ ಬರುತ್ತೆ, ಖಜಾನೆ ಉಳಿಯುತ್ತೆ. ಆದ್ರೆ ಒಬ್ಬ ಕೊಟ್ಟು ಇನ್ನೊಬ್ಬ ಸುಮ್ಮನಿದ್ರೆ ಸುಮ್ಮನಿದ್ದವನು ಸೋತ. ಆ ಭಯಕ್ಕೆ ಇಬ್ಬರೂ ಕೊಡ್ತಾರೆ. ಕಂಪನಿಗೆ ಮಾತ್ರ ಎರಡೂ ಕೈಯಲ್ಲಿ ಲಾಡು.

ಬೆಂಗಳೂರು ಗೆದ್ದಿದ್ದು ಹೇಗೆ?

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂತು. ಅವರ ಸ್ಯಾಟಲೈಟ್ ಸಾಮಾನನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಕಥೆ ಈಗಲೂ ಜನ ಹೇಳ್ತಾರೆ. ಆ ಹೊತ್ತಿಗೆ ಇಲ್ಲಿ ಏನಿತ್ತು? 1909ರಿಂದ ಭಾರತೀಯ ವಿಜ್ಞಾನ ಸಂಸ್ಥೆ, 1940ರಿಂದ ಎಚ್‌ಎಎಲ್, 1948ರಿಂದ ಐಟಿಐ, 1954ರಿಂದ ಬಿಇಎಲ್, ಸುತ್ತ ಇಂಜಿನಿಯರಿಂಗ್ ಕಾಲೇಜುಗಳು. ಇನ್ಫೋಸಿಸ್ ಹುಟ್ಟಿದ್ದು 1981ರಲ್ಲಿ ಪುಣೆಯಲ್ಲಿ. 1983ರಲ್ಲಿ ಇಲ್ಲಿಗೆ ಬಂದದ್ದು ಮೈಕೋ ಕಂಪನಿಯ ಕೆಲಸ ಸಿಕ್ಕಿದ್ದರಿಂದ. ಅಂದ್ರೆ ದಶಕಗಳ ಕಾಲ ಕಟ್ಟಿದ ಸಂಸ್ಥೆಗಳು, ಕಲಿತ ಜನ, ಹತ್ತಿರದ ಗಿರಾಕಿ. 99 ಪೈಸೆಗೆ ಇವು ಸಿಗಲ್ಲ.

ಇದಕ್ಕೆ ಉಲ್ಟಾ ಉದಾಹರಣೆ ಹುಬ್ಬಳ್ಳಿಯಲ್ಲಿದೆ. ಇನ್ಫೋಸಿಸ್‌ಗೆ ಅಲ್ಲಿ ಜಾಗ ಸಿಕ್ಕಿತು, ಕ್ಯಾಂಪಸ್ ಎದ್ದಿತು. ಆದ್ರೆ 2024ರಲ್ಲಿ, ಅಲ್ಲಿಗೆ ವರ್ಗ ಆಗಿ ಹೋಗುವ ಉದ್ಯೋಗಿಗಳಿಗೆ ಹುದ್ದೆಗೆ ತಕ್ಕಂತೆ 8 ಲಕ್ಷ ರೂಪಾಯಿವರೆಗೆ ಪ್ರೋತ್ಸಾಹಧನ ಘೋಷಿಸಬೇಕಾಯಿತು. ಕಟ್ಟಡ ಕಟ್ಟೋದು ಸುಲಭ, ಜನ ಬರೋದು ಕಷ್ಟ.

ಬೋರ್ಡ್ ಹೋಯ್ತು, ಬೆಂಚ್ ಉಳೀತು

ಮೈಸೂರು ರಸ್ತೆಯ ಗ್ಲೋಬಲ್ ವಿಲೇಜ್ ನಮಗೆಲ್ಲ ಗೊತ್ತಿರೋ ಟೆಕ್ ಪಾರ್ಕ್. ಮೈಂಡ್‌ಟ್ರೀ ಮುಖ್ಯ ಕಚೇರಿ ಇದ್ದದ್ದು ಅಲ್ಲೇ. 2022ರ ನವೆಂಬರ್‌ನಲ್ಲಿ ಅದು ಎಲ್‌ಟಿಐ ಜೊತೆ ವಿಲೀನ ಆಗಿ ಎಲ್‌ಟಿಐಮೈಂಡ್‌ಟ್ರೀ ಆಯಿತು, ಮುಖ್ಯ ಕಚೇರಿ ಮುಂಬೈ. ಯಾರೂ ಮನೆ ಖಾಲಿ ಮಾಡಿ ಲಾರಿ ಹತ್ತಿಸಬೇಕಾಗಿ ಬರಲಿಲ್ಲ, ಆದ್ರೂ ಕೆಂಗೇರಿ ಕಡೆಯ ಒಂದು ಹೆಡ್ಡಾಫೀಸು ಹೋಯಿತು. ಅಮೆಜಾನ್ ವಿಷಯದಲ್ಲಿ ಆಗಿದ್ದು ಇದರ ಉಲ್ಟಾ: ಬೋರ್ಡ್ ಬೆಂಗಳೂರಲ್ಲೇ ಉಳೀತು, ಜನ ಸುತ್ತಾಡಬೇಕಾಯಿತು.

ಹಾಗಾಗಿ 'ಮುಖ್ಯ ಕಚೇರಿ' ಅನ್ನೋ ಪದದಲ್ಲಿ ಎರಡು ವಿಷಯ ಇದೆ. ತೀರ್ಮಾನ ಮಾಡುವವರು ಎಲ್ಲಿ ಕೂರ್ತಾರೆ ಅನ್ನೋದು ಒಂದು. ಕೆಲಸ ಮಾಡುವವರು ಎಲ್ಲಿ ಕೂರ್ತಾರೆ ಅನ್ನೋದು ಇನ್ನೊಂದು. ಮೊದಲನೆಯದ್ದು ಹೋದ್ರೆ ತಕ್ಷಣ ಗೊತ್ತಾಗಲ್ಲ, ಆದ್ರೆ ಹೊಸ ಪ್ರಾಡಕ್ಟ್ ಯಾವ ಊರಲ್ಲಿ, ಕತ್ತರಿ ಯಾವ ಊರಿಗೆ ಅನ್ನೋ ಮಾತು ಬೇರೆ ಕಡೆ ನಡೆಯುತ್ತೆ.

ನಾವೇನು ಕೇಳಬೇಕು?

ಕರ್ನಾಟಕವೂ ಈ ಆಟದಲ್ಲಿದೆ. 2024ರ ನವೆಂಬರ್‌ನಲ್ಲಿ ಬಂದ ಜಿಸಿಸಿ ನೀತಿಯ ಗುರಿ 2029ರೊಳಗೆ 500 ಹೊಸ ಕೇಂದ್ರ, ಮೂರೂವರೆ ಲಕ್ಷ ಕೆಲಸ. ಆ ಕೆಲಸಗಳಿಗೆ ಅರ್ಜಿ ಹಾಕೋರು ನಾವೇ. ಹಾಗಾಗಿ ಮುಂದಿನ ಸಲ ದೊಡ್ಡ ಘೋಷಣೆ ಬಂದಾಗ ಸ್ಟೇಟಸ್ ಹಾಕೋ ಮೊದಲು ನಾಲ್ಕು ಪ್ರಶ್ನೆ ಕೇಳೋಣ. ಒಂದು ಕೆಲಸಕ್ಕೆ ಸರ್ಕಾರ ಎಷ್ಟು ಕೊಡ್ತಿದೆ? ದುಡ್ಡು ಮೊದಲೋ, ಕೆಲಸ ಮೊದಲೋ? ಮಾತು ತಪ್ಪಿದ್ರೆ ಜಾಗ ವಾಪಸ್ ಬರುತ್ತಾ? ಜಾಗ ಯಾರದ್ದು, ಅವರಿಗೇನು ಸಿಕ್ತು?

ಇನ್ನೊಂದು ಮಾತು. ಕಂಪನಿಗಳು ಕೊನೆಗೂ ಹುಡುಕಿಕೊಂಡು ಬರೋದು ಕೆಲಸ ಗೊತ್ತಿರೋ ಜನರನ್ನ. ಊರುಗಳು ಹರಾಜಿಗೆ ಇಡೋ ಪಟ್ಟಿಯಲ್ಲಿ ಜಾಗ, ತೆರಿಗೆ, ಕರೆಂಟು ಎಲ್ಲ ಇರುತ್ತೆ, ಆದ್ರೆ ಅದರಲ್ಲಿ ಅತಿ ಬೆಲೆಬಾಳೋ ಸಾಲು ನಮ್ಮದು. ಅದಕ್ಕೇ ಲ್ಯಾಬ್ ಸರಿ ಇಲ್ಲ, ಮೇಷ್ಟ್ರ ಹುದ್ದೆ ಖಾಲಿ ಇದೆ ಅಂತ ಕೇಳೋದು ಬರೀ ಕಾಲೇಜಿನ ಗೊಣಗಾಟ ಅಲ್ಲ. ಅದು ಊರಿನ ಬಂಡವಾಳದ ಪ್ರಶ್ನೆ.